ಕೋಳಿ ತೂಕಡಿಸಿದರೆ ಸಂತೆಗೆ ಒಯ್ಯಬೇಡಿ



ಸಂಘದ ಸಾಲದಲ್ಲಿ ಕೊಂಡ ಹತ್ತು ನಾಟಿಕೋಳಿಗಳಲ್ಲಿ ಒಂದು ಕಾಳು ಮುಟ್ಟದೆ, ರೆಕ್ಕೆ ಜೋತುಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿದೆ. "ಸಾಯೋ ಮೊದಲೇ ಮಾರಿಬಿಡೋಣ" ಅಂತ ಅನ್ನಿಸೋದು ಸಹಜ. ಆದರೆ ಆ ಕೋಳಿ ಇನ್ನೊಬ್ಬ ಬಡ ಸಹೋದರಿಯ ಗೂಡಿಗೆ ರೋಗ ಒಯ್ಯುತ್ತದೆ.

ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚಿಕೊಳ್ಳುವುದು ಕೊಕ್ಕರೆ ರೋಗದ ಲಕ್ಷಣಗಳು. ಇದು ವೈರಸ್ ರೋಗ. ಬಂದ ಮೇಲೆ ಔಷಧಿಯಿಲ್ಲ, ಬರದಂತೆ ಲಸಿಕೆಯಿದೆ.

ಏನು ಮಾಡಬೇಕು?

1. ಕಾಯಿಲೆಯ ಕೋಳಿಯನ್ನು ಕೂಡಲೇ ಬೇರೆ ಇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

2. ಪಶು ಆಸ್ಪತ್ರೆಗೆ ತಿಳಿಸಿ. ಒಟ್ಟಿಗೆ ಹಲವು ಸತ್ತರೆ ಹಕ್ಕಿಜ್ವರವೂ ಇರಬಹುದು. ಬರಿಗೈಲಿ ಮುಟ್ಟಬೇಡಿ, ತಿನ್ನಬೇಡಿ.

3. ಸತ್ತದ್ದನ್ನು ಹಳ್ಳಕ್ಕೆ ಎಸೆಯಬೇಡಿ. ವೈದ್ಯರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

4. ಮರಿಗಳಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಲಸಿಕೆಯ ಹನಿ, 8 ವಾರದ ಸುಮಾರಿಗೆ ರೆಕ್ಕೆಯಡಿ ಚುಚ್ಚುಮದ್ದು ಹಾಕಿಸಿ.

ಲಸಿಕೆಯ ಒಂದು ಸೀಸೆ ಸಾಮಾನ್ಯವಾಗಿ ನೂರು ಕೋಳಿಗಳಿಗಾದರೂ ಆಗುತ್ತದೆ. ಕಲಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ಹತ್ತೇ ಕೋಳಿ ಇರುವವಳು ಒಬ್ಬಳೇ ಹೋದರೆ ಉಳಿದದ್ದೆಲ್ಲ ವ್ಯರ್ಥ. ಆದ್ದರಿಂದ ಮುಂದಿನ ಸಂಘದ ಸಭೆಯಲ್ಲೇ ದಿನ ಗೊತ್ತುಮಾಡಿ, ಬೀದಿಯ ಕೋಳಿಗಳಿಗೆಲ್ಲ ಒಟ್ಟಿಗೆ ಹಾಕಿಸಿ. ಪಕ್ಕದ ಮನೆಯ ಕೋಳಿ ಉಳಿದರೇನೇ ನಮ್ಮದೂ ಉಳಿಯೋದು.