ಕೈಗೊಂದು ಹಿತವಾದ ಕೆಲಸ: ಅಚ್ಚಿನಲ್ಲಿ ಕತ್ತರಿಸಿ ಮಾಡುವ ಶುಭಾಶಯ ಪತ್ರ

ಆಯುರ್ವೇದವು ಕೈಯನ್ನು ಐದು ಕರ್ಮೇಂದ್ರಿಯಗಳಲ್ಲಿ ಒಂದಾಗಿ ಎಣಿಸಿದೆ. ಹಿಡಿಯುವುದು ಮತ್ತು ಹಿಡಿದುಕೊಂಡಿರುವುದು ಅದರ ಕರ್ಮವೆಂದು ಚರಕ ಸಂಹಿತೆ ಹೇಳುತ್ತದೆ. ರೋಗದ ಕಾರಣಗಳನ್ನು ವಿವರಿಸುವಾಗ ಅದೇ ಗ್ರಂಥವು ದೇಹದ ಕರ್ಮಗಳಿಗೆ ಮೂರು ಬಗೆಯ ಕೆಡುಕನ್ನು ಹೇಳಿದೆ: ಅತಿಯೋಗ, ಅಯೋಗ, ಮಿಥ್ಯಾಯೋಗ. ಅತಿಯಾಗಿ ದುಡಿಸಿದರೂ ಅಂಗ ಕೆಡುತ್ತದೆ. ದುಡಿಸದೆ ಬಿಟ್ಟರೂ ಕೆಡುತ್ತದೆ. ದುಡಿಸಬಾರದ ರೀತಿಯಲ್ಲಿ ದುಡಿಸಿದರೂ ಕೆಡುತ್ತದೆ.

ನಮ್ಮ ಚಿಕಿತ್ಸಾಲಯಕ್ಕೆ ಬರುವ ವಯೋವೃದ್ಧರ ಕೈಗಳಲ್ಲಿ ಈ ಮೂರನ್ನೂ ನಾವು ಒಟ್ಟಿಗೇ ಕಾಣುತ್ತೇವೆ. ನಲವತ್ತು ವರ್ಷ ರೊಟ್ಟಿ ಬಡಿದ ಕೈಗೆ, ಬಟ್ಟೆ ಒಗೆದು ಹಿಂಡಿದ ಕೈಗೆ ಹೆಬ್ಬೆರಳಿನ ಬುಡದಲ್ಲಿ ನೋವು ಬರುತ್ತದೆ. ನೋವೆಂದು ಮನೆಯವರು ಎಲ್ಲ ಕೆಲಸವನ್ನೂ ಬಿಡಿಸುತ್ತಾರೆ. ಬಿಟ್ಟ ಕೈ ಬಿಗಿಯುತ್ತದೆ, ಬಿಗಿದದ್ದರಿಂದ ಮತ್ತಷ್ಟು ನೋಯುತ್ತದೆ. ಕೊನೆಗೆ ಉಳಿಯುವುದು ಒಂದೇ ಮಾತು: “ಮನ್ಯಾಗ ಎಲ್ಲಾ ಅದ, ಕೈಗೆ ಕೆಲಸಿಲ್ಲ.” ಈ ಮಾತಿನಲ್ಲಿರುವ ನೋವು ಸಂಧಿಯ ನೋವಿಗಿಂತ ದೊಡ್ಡದು. ತಾನು ಯಾರಿಗೂ ಬೇಕಾದವನಲ್ಲ, ಬೇಕಾದವಳಲ್ಲ ಎಂಬ ಭಾವಕ್ಕೆ ಯಾವ ತೈಲವೂ ಇಲ್ಲ.

ಆದ್ದರಿಂದ ಈ ತಿಂಗಳು ಔಷಧಿಯ ಮಾತನ್ನು ಕಡಿಮೆ ಮಾಡಿ, ಬಲ ಕುಂದಿದ ಕೈಗೂ ಒಗ್ಗುವ ಒಂದು ಕೆಲಸದ ಮಾತನ್ನು ಆಡಬಯಸುತ್ತೇವೆ. ಅದು ಡೈ ಕಟಿಂಗ್ ಎಂಬ ವಿಧಾನದಿಂದ ಮನೆಯಲ್ಲಿಯೇ ಶುಭಾಶಯ ಪತ್ರ ಮಾಡುವ ಕೆಲಸ.

ಏನಿದು ಡೈ ಕಟಿಂಗ್?

ಡೈ ಎಂದರೆ ಅಚ್ಚು. ಹೂವು, ಎಲೆ, ಹಕ್ಕಿ, ದೀಪ ಮೊದಲಾದ ಆಕಾರದಲ್ಲಿ ಉಕ್ಕಿನ ಅಲಗನ್ನು ರೂಪಿಸಿರುತ್ತಾರೆ. ಆ ಅಲಗನ್ನು ಕಾಗದದ ಮೇಲಿಟ್ಟು ಬಲವಾಗಿ ಒತ್ತಿದರೆ, ಕಡಬಿನ ಅಚ್ಚಿನಲ್ಲಿ ಹಿಟ್ಟು ತುಂಡಾಗುವಂತೆ ಕಾಗದವು ಅದೇ ಆಕಾರದಲ್ಲಿ ತುಂಡಾಗಿ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾದರಕ್ಷೆಯ ಕಾರ್ಖಾನೆಗಳಲ್ಲಿ ಚರ್ಮದ ಅಟ್ಟೆಗಳನ್ನು ಒಂದೇ ಅಳತೆಗೆ ಕತ್ತರಿಸಲು ಈ ವಿಧಾನವು ಬೆಳೆಯಿತು. ಅನಂತರ ರಟ್ಟಿನ ಪೆಟ್ಟಿಗೆ, ಲಕೋಟೆ, ಲಗ್ನಪತ್ರಿಕೆಗಳ ತಯಾರಿಕೆಗೆ ಬಂದಿತು. ಈಗ ಮನೆಯ ಮೇಜಿನ ಮೇಲಿಡಬಹುದಾದ ಸಣ್ಣ ಯಂತ್ರಗಳೂ ಇವೆ. ಸಿಜಿಕ್ಸ್ ಕಂಪನಿಯ ‘ಬಿಗ್ ಶಾಟ್’ ಇಂಥವುಗಳಲ್ಲಿ ಹೆಸರಾದದ್ದು. ಎರಡು ಉರುಳೆಗಳು, ಪಕ್ಕದಲ್ಲೊಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಅಚ್ಚು ಮತ್ತು ಕಾಗದ ಎರಡೂ ಉರುಳೆಗಳ ನಡುವೆ ಹಾದು ಹೊರಬರುತ್ತವೆ. ನೋಡುವುದಕ್ಕೆ ಕಬ್ಬಿನ ಗಾಣದ ಮೊಮ್ಮಗುವಿನಂತಿದೆ.

ಶುಭಾಶಯ ಪತ್ರವೂ ಹಳೆಯದೇ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾಗಿ, ಸಾಮಾನ್ಯರೂ ಪತ್ರ ಕಳುಹಿಸುವಂತಾಯಿತು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಬರೆಸಿ ಅಚ್ಚು ಹಾಕಿಸಿದ ಕ್ರಿಸ್‌ಮಸ್ ಪತ್ರವನ್ನು ಮಾರಾಟಕ್ಕೆ ಬಂದ ಮೊದಲ ಶುಭಾಶಯ ಪತ್ರಗಳಲ್ಲಿ ಎಣಿಸುತ್ತಾರೆ. ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಹಿರಿಯರಿಗೆ ಈ ಪತ್ರವು ಸಂಕ್ರಮಣದ ನೆನಪನ್ನು ತರುತ್ತದೆ. ಪತ್ರದ ಮಡಿಕೆಯಲ್ಲಿ ನಾಲ್ಕು ಕಾಳು ಕುಸುರೆಳ್ಳು ಹಾಕಿ ಅಂಚೆಗೆ ಕೊಡುತ್ತಿದ್ದ ಕಾಲವದು. ಲಕೋಟೆ ಒಡೆಯುವಾಗ ಕಾಳುಗಳು ನೆಲಕ್ಕೆ ಉದುರಿ, ಮಕ್ಕಳು ಅವನ್ನು ಹೆಕ್ಕಿ ತಿನ್ನುತ್ತಿದ್ದರು. ದೂರವಾಣಿಯ ಸಂದೇಶ ಬೇಗ ಮುಟ್ಟುತ್ತದೆ, ನಿಜ. ಆದರೆ ಕುಸುರೆಳ್ಳು ಅದರಲ್ಲಿ ಹಿಡಿಸುವುದಿಲ್ಲ.

ಕತ್ತರಿಗಿಂತ ಅಚ್ಚು ಏಕೆ ಹಿತ?

ಕತ್ತರಿ ಹಿಡಿದಾಗ ಹೆಬ್ಬೆರಳಿನ ತುದಿಯಲ್ಲಿ ಬೀಳುವ ಭಾರವು ಅದರ ಬುಡದ ಸಂಧಿಗೆ ಹಲವು ಪಟ್ಟಾಗಿ ಮುಟ್ಟುತ್ತದೆ. ಸಂಧಿವಾತದಿಂದ ಸವೆದಿರುವುದು ಹೆಚ್ಚಾಗಿ ಅದೇ ಸಂಧಿ; ಮುಟ್ಟು ನಿಂತ ಮೇಲಿನ ಸ್ತ್ರೀಯರಲ್ಲಂತೂ ಇದು ಬಹಳ ಸಾಮಾನ್ಯ. ದಪ್ಪ ಕಾಗದದಲ್ಲಿ ಒಂದು ಹೂವು ಕತ್ತರಿಸಬೇಕಾದರೆ ಕತ್ತರಿಯನ್ನು ಹತ್ತಾರು ಬಾರಿ ತೆರೆದು ಮುಚ್ಚಬೇಕು. ಅಚ್ಚಿನ ಯಂತ್ರದಲ್ಲಿ ಆ ಕೆಲಸವು ಬೆರಳಿನಿಂದ ಹೊರಟು ಭುಜ ಮತ್ತು ಮೊಣಕೈಗೆ ಹೋಗುತ್ತದೆ. ಹಿಡಿಕೆಯನ್ನು ಇಡೀ ಅಂಗೈಯಿಂದ ಹಿಡಿದು, ತೋಳಿನಿಂದ ಸಾವಕಾಶವಾಗಿ ತಿರುಗಿಸಿದರಾಯಿತು. ಬಲ ಬೇಕಾದ ಕೆಲಸವನ್ನು ಉಕ್ಕು ಮಾಡುತ್ತದೆ. ಬಣ್ಣ ಆಯುವುದು, ಜೋಡಿಸುವುದು, ಅಂಟಿಸುವುದು, ಬರೆಯುವುದು ಮನುಷ್ಯನಿಗೆ ಉಳಿಯುತ್ತದೆ. ಬೆರಳುಗಳಿಗೆ ಬೇಕಾದದ್ದೂ ಇಂಥ ಹಗುರವಾದ, ನಾನಾ ಬಗೆಯ ಚಲನೆಯೇ.

ನಮ್ಮಲ್ಲಿಗೆ ಬರುವ ಒಬ್ಬ ತಾಯಿ, ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ, ಎರಡು ವರ್ಷದಿಂದ ಅಂಗಳದ ರಂಗವಲ್ಲಿಯನ್ನೂ ಬಿಟ್ಟಿದ್ದರು. ಚಿಟಿಕೆ ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೊಮ್ಮಗಳು ತನಗಾಗಿ ತಂದುಕೊಂಡ ಯಂತ್ರದ ಹಿಡಿಕೆಯನ್ನು ಒಮ್ಮೆ ಇವರೂ ತಿರುಗಿಸಿದರು. ಈಗ ವಾರಕ್ಕೆ ಎರಡು ಮೂರು ಪತ್ರ ಮಾಡಿ, ಕಾಯಿಲೆಯಿಂದ ಮಲಗಿರುವ ತಮ್ಮ ಹಳೆಯ ಸಹೋದ್ಯೋಗಿಗಳಿಗೆ ಕಳುಹಿಸುತ್ತಾರೆ. ಅವರ ಸಂಧಿವಾತ ಹೋಯಿತೆಂದು ನಾವು ಹೇಳುವುದಿಲ್ಲ. ತೈಲ, ಶಾಖ, ಪಥ್ಯ ಎಲ್ಲವೂ ನಡೆದೇ ಇವೆ. ಆದರೆ ಚಿಕಿತ್ಸಾಲಯಕ್ಕೆ ಬಂದಾಗ ಮೊದಲು ನೋವಿನ ಲೆಕ್ಕ ಹೇಳುತ್ತಿದ್ದವರು ಈಗ ಯಾರಿಂದ ಉತ್ತರ ಬಂದಿತೆಂಬ ಲೆಕ್ಕ ಹೇಳುತ್ತಾರೆ. ವೈದ್ಯನಿಗೆ ಇದು ಸಣ್ಣ ಗುಣವಲ್ಲ.

ಮಾಡುವ ಕ್ರಮ

ಮೊದಲು ಪತ್ರದ ಬುಡ. 250 ಜಿಎಸ್‌ಎಂ ದಪ್ಪದ ಎ4 ಹಾಳೆಯೊಂದನ್ನು ಅಡ್ಡಲಾಗಿ ಸಮನಾಗಿ ಎರಡು ಮಾಡಿದರೆ 148 ಮಿ.ಮೀ. ಅಗಲ, 210 ಮಿ.ಮೀ. ಉದ್ದದ ಎರಡು ತುಂಡುಗಳು ದೊರೆಯುತ್ತವೆ. ಒಂದೊಂದನ್ನೂ ನಡುವೆ ಮಡಿಸಿದರೆ 148 ಮತ್ತು 105 ಮಿ.ಮೀ. ಅಳತೆಯ ಪತ್ರವಾಗುತ್ತದೆ. ಮಡಿಸುವ ಮೊದಲು ಅಳತೆಪಟ್ಟಿ ಇಟ್ಟು, ಮೊಂಡಾದ ಚಮಚದ ಹಿಂಬದಿಯಿಂದ ಗೆರೆ ಎಳೆಯಬೇಕು. ಹಾಗೆ ಮಾಡಿದರೆ ಮಡಿಕೆ ನೇರವಾಗಿ ಬರುತ್ತದೆ, ಕಾಗದ ಬಿರಿಯುವುದಿಲ್ಲ.

ಆಕಾರಗಳನ್ನು ಕತ್ತರಿಸಲು ಸ್ವಲ್ಪ ತೆಳುವಾದ, 160ರಿಂದ 200 ಜಿಎಸ್‌ಎಂ ಕಾಗದ ಸಾಕು. ಹೊಸದನ್ನೇ ಕೊಳ್ಳಬೇಕಾಗಿಲ್ಲ. ಪ್ರತಿ ಮನೆಯಲ್ಲಿಯೂ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇದ್ದೇ ಇರುತ್ತದೆ. ಬಂಗಾರದ ಬಣ್ಣದ ಆ ಕಾಗದವು ಹೂವು ಎಲೆಗಳಿಗೆ ಬಹಳ ಒಪ್ಪುತ್ತದೆ. ದೇವರ, ಗುರುಗಳ ಚಿತ್ರವಿರುವ ಭಾಗವನ್ನು ಮೊದಲೇ ತೆಗೆದು ಗೌರವದಿಂದ ಬೇರೆ ಇಡುವುದು ಒಳ್ಳೆಯದು. ತೀರ ದಪ್ಪವಾದ ರಟ್ಟನ್ನು ತೆಳು ಅಚ್ಚಿಗೆ ಕೊಡಬಾರದು.

ಇನ್ನು ಕತ್ತರಿಸುವುದು. ಯಂತ್ರದೊಡನೆ ಗಟ್ಟಿಯಾದ ಪ್ಲಾಸ್ಟಿಕ್ ತಟ್ಟೆಗಳು ಬರುತ್ತವೆ. ಕೆಳಗೊಂದು ತಟ್ಟೆ, ಅದರ ಮೇಲೆ ಅಲಗು ಮೇಲ್ಮುಖವಾಗಿರುವ ಅಚ್ಚು, ಅಚ್ಚಿನ ಮೇಲೆ ಕಾಗದ, ಎಲ್ಲಕ್ಕೂ ಮೇಲೆ ಇನ್ನೊಂದು ತಟ್ಟೆ. ಯಾವ ಅಚ್ಚಿಗೆ ಎಷ್ಟು ತಟ್ಟೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ, ಜೊತೆಗೆ ಬಂದ ಸೂಚನಾಪತ್ರವನ್ನು ಮನೆಯ ಕಿರಿಯರಿಂದ ಓದಿಸಿಕೊಳ್ಳಬೇಕು. ಉರುಳೆಗಳ ನಡುವೆ ಹೋಗುವಾಗ ತಟ್ಟೆಗಳು ಚಿಟಚಿಟ ಎನ್ನುವುದು ಸಹಜ, ಹೆದರಬೇಕಾಗಿಲ್ಲ.

ಕೈಗೆ ಆಯಾಸವಾಗದಂತೆ ಕೆಲವು ಉಪಾಯಗಳಿವೆ. ಅಚ್ಚನ್ನು ನೇರವಾಗಿ ಇಡದೆ ಸ್ವಲ್ಪ ಓರೆಯಾಗಿ ಇಟ್ಟರೆ ಅಲಗಿನ ಪೂರ್ಣ ಅಂಚು ಒಮ್ಮೆಲೇ ಉರುಳೆಗೆ ಸಿಗುವುದಿಲ್ಲ. ಹಿಡಿಕೆ ಹಗುರವಾಗಿ ತಿರುಗುತ್ತದೆ. ಹಿಡಿಕೆ ಬಿಗಿಯಾದರೆ ಜಗ್ಗಬಾರದು. ಹಿಂದಕ್ಕೆ ತಿರುಗಿಸಿ, ತಟ್ಟೆ ಅಥವಾ ಕಾಗದ ಹೆಚ್ಚಾಗಿದೆಯೇ ನೋಡಬೇಕು. ತಟ್ಟೆಗಳು ಒಂದೇ ಕಡೆಗೆ ಬಾಗುತ್ತವೆಯಾದ್ದರಿಂದ ಆಗಾಗ ಮಗುಚಿ ಹಾಕಬೇಕು. ಸೂಕ್ಷ್ಮ ಕುಸುರಿಯ ಅಚ್ಚಿನಲ್ಲಿ ಕಾಗದ ಸಿಕ್ಕಿಕೊಳ್ಳುವುದುಂಟು. ಅಚ್ಚಿಗೂ ಕಾಗದಕ್ಕೂ ನಡುವೆ ಮೇಣದ ಕಾಗದ ಇಟ್ಟರೆ ಸುಲಭವಾಗಿ ಬಿಡುತ್ತದೆ. ಉಳಿದ ಚೂರುಗಳನ್ನು ಅಚ್ಚಿನ ಹಿಂಬದಿಯ ಸಣ್ಣ ರಂಧ್ರಗಳಿಂದ ಸೂಜಿಯಲ್ಲಿ ನೂಕಿ ತೆಗೆಯಬಹುದು.

ಅಂಟಿನ ಶೀಶೆಯನ್ನು ಹಿಂಡುವುದು ಹೆಬ್ಬೆರಳಿಗೆ ಹಿತವಲ್ಲ. ಬಿಳಿಯ ಅಂಟನ್ನು ಚಿಕ್ಕ ಬಟ್ಟಲಿಗೆ ಹಾಕಿಕೊಂಡು ಕುಂಚದಿಂದ ಹಚ್ಚಬೇಕು. ಕುಂಚದ, ಲೇಖನಿಯ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತಕ್ಕೆ ಶ್ರಮವಿಲ್ಲ. ಮೈದಾ ಅಂಟು ಕಾಯಿಸಿಕೊಳ್ಳುವವರು ಹುಳ ಬಾರದಿರಲೆಂದು ಮೈಲುತುತ್ತ ಹಾಕುವ ಹಳೆಯ ರೂಢಿಯನ್ನು ಬಿಡಬೇಕು. ಅದು ವಿಷ, ಮನೆಯಲ್ಲಿ ಮಕ್ಕಳಿರುತ್ತಾರೆ.

ಯಂತ್ರವಿಲ್ಲದವರು ಅಂಗಡಿಯಲ್ಲಿ ದೊರೆಯುವ ಒತ್ತುವ ಪಂಚ್‌ಗಳನ್ನು ಬಳಸಬಹುದು. ಅವನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತದೆ, ಮೇಜಿನ ಮೇಲಿಟ್ಟು ಅಂಗೈಯ ಬುಡದಿಂದ ಒತ್ತಬೇಕು. ಹಿಡಿಕೆ ತಿರುಗಿಸಲೂ ಆಗದವರಿಗೆ ಗುಂಡಿ ಒತ್ತಿದರೆ ನಡೆಯುವ ವಿದ್ಯುತ್ ಯಂತ್ರಗಳಿವೆ. ‘ಕ್ರಿಕಟ್’ನಂಥವುಗಳಲ್ಲಿ ಅಚ್ಚೇ ಇಲ್ಲ, ಗಣಕಯಂತ್ರದ ಆಜ್ಞೆಯಂತೆ ಸಣ್ಣ ಅಲಗು ಓಡಾಡಿ ಕತ್ತರಿಸುತ್ತದೆ. ಮೊಮ್ಮಕ್ಕಳು ಆಕಾರ ಕತ್ತರಿಸಿಕೊಟ್ಟು ಹಿರಿಯರು ಜೋಡಿಸಿದರೂ ಸರಿಯೇ. ಹಾಗಾದರೆ ಎರಡು ತಲೆಮಾರು ಒಂದು ಮೇಜಿಗೆ ಬಂದಂತಾಯಿತು.

ವೈದ್ಯರಾಗಿ ಹೇಳಬೇಕಾದ ಎಚ್ಚರಿಕೆಗಳು

ಹಿತವಾದ ಕೆಲಸವೂ ಅತಿಯಾದರೆ ಅಹಿತವೇ. ದಿನಕ್ಕೆ ಅರ್ಧ ಗಂಟೆಯಿಂದ ಆರಂಭಿಸಬೇಕು. 20 ನಿಮಿಷಕ್ಕೊಮ್ಮೆ ಕೈ ಬಿಟ್ಟು, ಬೆರಳುಗಳನ್ನು ಬಿಡಿಸಿ ಮುಚ್ಚಿ, ಕಿಟಕಿಯಾಚೆಯ ಮರವನ್ನು ಸ್ವಲ್ಪ ಹೊತ್ತು ನೋಡಬೇಕು. ಕಣ್ಣಿಗೂ ವಿಶ್ರಾಂತಿ ದೊರೆಯುತ್ತದೆ. ನೆಲದ ಮೇಲೆ ಬಾಗಿ ಕೂಡದೆ ಮೇಜು ಕುರ್ಚಿಯಲ್ಲಿ ಕೂಡಬೇಕು. ಬೆಳಕು ಎಡಬದಿಯಿಂದ, ಎಡಗೈಯವರಿಗೆ ಬಲಬದಿಯಿಂದ ಬರಬೇಕು. ಕೆಲಸದಲ್ಲಿ ಮೈಮರೆತು ಮೂತ್ರವನ್ನು ತಡೆದು ಕೂಡುವವರನ್ನು ನಾವು ಬಹಳ ಕಂಡಿದ್ದೇವೆ. ಧರಿಸಬಾರದ ಹದಿಮೂರು ವೇಗಗಳಲ್ಲಿ ಚರಕರು ಅದನ್ನೂ ಎಣಿಸಿದ್ದಾರೆಂಬುದನ್ನು ಮರೆಯಬಾರದು.

ಸಂಧಿವಾತವಿರುವವರು ಕೆಲಸಕ್ಕೆ ಮೊದಲು ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಕೈಗೆ ಸವರಿ, ಸ್ವಲ್ಪ ಹೊತ್ತಿನ ಬಳಿಕ ಬಿಸಿನೀರಿನಲ್ಲಿ ಐದಾರು ನಿಮಿಷ ಅದ್ದಿದರೆ ಬಿಗಿತ ಸಡಿಲುತ್ತದೆ. ಅನಂತರ ಕಡಲೆಹಿಟ್ಟಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಎಣ್ಣೆ ಕೈ ಕಾಗದಕ್ಕೆ ವೈರಿ. ಆದರೆ ಸಂಧಿಗಳು ಕೆಂಪಾಗಿ ಊದಿ, ಮುಂಜಾನೆಯ ಬಿಗಿತ ಒಂದು ಗಂಟೆಗೂ ಮೀರಿ ಇರುವುದಾದರೆ ಅದು ಆಮವಾತದ ಲಕ್ಷಣವಿರಬಹುದು. ಅಂಥವರಿಗೆ ಎಣ್ಣೆ ತಿಕ್ಕುವುದೂ ಸಲ್ಲದು, ಈ ಕೆಲಸವೂ ಸಲ್ಲದು. ಮೊದಲು ವೈದ್ಯರನ್ನು ಕಾಣಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುವವರೂ ತಡಮಾಡದೆ ತೋರಿಸಿಕೊಳ್ಳಬೇಕು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು ತಮ್ಮ ಚಿಕಿತ್ಸಕರನ್ನು ಕೇಳಿ, ಪಕ್ಕದಲ್ಲಿ ಒಬ್ಬರನ್ನು ಕೂಡಿಸಿಕೊಂಡೇ ಮಾಡಬೇಕು.

ಮಧುಮೇಹಿಗಳಿಗೆ ವಿಶೇಷ ಎಚ್ಚರಿಕೆ. ಸ್ಪರ್ಶಜ್ಞಾನ ಕುಂದಿದ ಬೆರಳಿಗೆ ಅಲಗು ತಾಗಿದ್ದೂ ತಿಳಿಯದು, ನೀರಿನ ಬಿಸಿಯೂ ತಿಳಿಯದು. ನೀರನ್ನು ಮನೆಯವರಿಂದ ಪರೀಕ್ಷಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಬೆರಳುಗಳನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಬೇಕು. ಸಣ್ಣ ಗಾಯವನ್ನೂ ಸಾಬೂನು ನೀರಿನಿಂದ ತೊಳೆದು, ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕು. ಅಚ್ಚುಗಳನ್ನು ಎಣಿಸಿ ಡಬ್ಬಿಯಲ್ಲಿಟ್ಟು ಮುಚ್ಚುವುದು ಕೊನೆಯ ಕೆಲಸ. ಚಿಕ್ಕ ಮಕ್ಕಳ ಬೆರಳು ಉರುಳೆಯ ಹತ್ತಿರ ಸುಳಿಯಬಾರದು.

ಯಾರಿಗೆ, ಏನೆಂದು?

ಪತ್ರದ ಬುಡದ ತೂಕ ಸುಮಾರು 8 ಗ್ರಾಂ. ಲಕೋಟೆ, ಒಂದೆರಡು ಪದರ ಹೂವು ಸೇರಿದರೂ ಸಾಧಾರಣವಾಗಿ 20 ಗ್ರಾಂ ಮೀರುವುದಿಲ್ಲ. ಅಂಚೆಯವರ ಮೊದಲ ತೂಕದ ಮಿತಿಯೂ ಅಷ್ಟೇ. ಉಬ್ಬಿದ ಅಲಂಕಾರ ಹೆಚ್ಚಾದರೆ ಅಂಚೆ ಕಚೇರಿಯಲ್ಲಿ ತೂಗಿಸುವುದು ಲೇಸು.

ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಎಲ್ಲರೂ ಕಳುಹಿಸುತ್ತಾರೆ. ಪತ್ರದ ಅಗತ್ಯ ಹೆಚ್ಚಾಗಿರುವುದು ಬೇರೆಯವರಿಗೆ: ಶಸ್ತ್ರಚಿಕಿತ್ಸೆಯಾಗಿ ಮಲಗಿದವರಿಗೆ, ಜೊತೆಗಾರರನ್ನು ಕಳೆದುಕೊಂಡು ಮೂರು ತಿಂಗಳಾದ ಮೇಲೆ ಬಂದು ಹೋಗುವವರು ನಿಂತ ಮನೆಯವರಿಗೆ, ಮಕ್ಕಳು ದೂರದೂರಿನಲ್ಲಿರುವ ಒಂಟಿ ವೃದ್ಧರಿಗೆ. ದೊಡ್ಡ ಮಾತುಗಳು ಬೇಕಿಲ್ಲ. “ನಿಮ್ಮ ನೆನಪಾಯಿತು. ಈ ಹೂವು ನಾನೇ ಕತ್ತರಿಸಿದ್ದು. ಊಟ ನಿದ್ರೆ ಸರಿಯಾಗಿರಲಿ” ಎಂದಷ್ಟು ಬರೆದರೂ ಸಾಕು. ಅಕ್ಷರ ನಡುಗಿದರೆ ನಡುಗಲಿ. ಆಕಾರವನ್ನು ಅಚ್ಚು ತಿದ್ದಿಕೊಡುತ್ತದೆ, ಅಕ್ಷರವನ್ನು ಯಾರೂ ತಿದ್ದಬೇಕಾಗಿಲ್ಲ. ಓದುವವರು ಆ ನಡುಕದಲ್ಲಿಯೇ ಬರೆದವರನ್ನು ಗುರುತಿಸುತ್ತಾರೆ.

ಮನೆಯಲ್ಲಿ ಹಿರಿಯರಿರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಕೈನೋವೆಂದು ಅವರ ಕೈಯ ಕೆಲಸವನ್ನೆಲ್ಲ ಕಿತ್ತುಕೊಳ್ಳಬೇಡಿ. ಭಾರದ್ದನ್ನು ತೆಗೆದುಕೊಂಡು ಹಗುರದ್ದನ್ನು ಉಳಿಸಿಕೊಡಿ. ಈ ತಿಂಗಳು ಹಳೆಯ ಲಗ್ನಪತ್ರಿಕೆಗಳ ಕಟ್ಟನ್ನು ಕೆಳಗಿಳಿಸಿ ಅವರ ಮುಂದಿಡಿ. ಯಾರಿಗೆ ಪತ್ರ ಬರೆಯಬೇಕೆಂಬುದನ್ನು ಅವರೇ ಹೇಳುತ್ತಾರೆ.