ಆಕ್ಸಿಮೀಟರ್ ತೋರಿಸದ ಇನ್ನೊಂದು ಲೆಕ್ಕ

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರನ್ನು ನೋಡಿರ್ತೀರಿ. ಬೆಂಗಳೂರಿನ ಟೆಕ್ಕಿಗಳೂ ಇರ್ತಾರೆ, ಚಿಕ್ಕಬಳ್ಳಾಪುರದ ಹುಡುಗರೂ ಇರ್ತಾರೆ. ಅರ್ಧ ದಾರಿಗೇ ಏದುಸಿರು. ಕೇಳಿದರೆ, "ಆಕ್ಸಿಜನ್ ಸಾಲ್ತಿಲ್ಲ ಗುರು" ಅಂತಾರೆ. ಬೆಟ್ಟದ ಎತ್ತರ 1,478 ಮೀಟರ್. ಅಷ್ಟು ಎತ್ತರದಲ್ಲಿ ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕಕ್ಕೆ ಹೇಳಿಕೊಳ್ಳುವಂಥ ಕೊರತೆ ಬರೋದಿಲ್ಲ. ಆ ಏದುಸಿರಿನಲ್ಲಿ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡನ್ನು ಹೊರಹಾಕುವ ಕೆಲಸದ್ದು.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೆ ಈ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಕೆ ಗೋಲಿ ಸೋಡಾ ಕುಡಿದ ಅನುಭವ ಸಾಕು. ಸೋಡಾಗೆ ಆ ಸಣ್ಣ ಹುಳಿ ಎಲ್ಲಿಂದ ಬಂತು? ಇಂಗಾಲದ ಡೈಆಕ್ಸೈಡ್ ನೀರಿನ ಜತೆ ಸೇರಿ ಕಾರ್ಬಾನಿಕ್ ಆಮ್ಲ ಆಗುವುದರಿಂದ. ನಮ್ಮ ರಕ್ತದಲ್ಲೂ ಇದೇ ನಡೆಯುತ್ತೆ.

ನೂರು ಜನ ಪ್ರಯಾಣಿಕರು

ಸುಮ್ಮನೆ ಕೂತಿದ್ದರೂ ದೇಹ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ತಯಾರಿಸುತ್ತೆ. ಅದನ್ನು 100 ಜನ ಪ್ರಯಾಣಿಕರು ಅಂದುಕೊಳ್ಳಿ. ಸುಮಾರು 7 ಮಂದಿ ರಕ್ತದ ದ್ರವದಲ್ಲಿ ಹಾಗೇ ಕರಗಿ ಹೋಗ್ತಾರೆ. 23 ಮಂದಿ ಹಿಮೋಗ್ಲೋಬಿನ್‌ಗೆ ಜೋತುಬೀಳ್ತಾರೆ. ಉಳಿದ 70 ಮಂದಿ ವೇಷ ಬದಲಿಸಿ ಬೈಕಾರ್ಬನೇಟ್ ಆಗಿ ಪ್ರಯಾಣ ಮಾಡ್ತಾರೆ.

ವೇಷ ಬದಲಾಗೋದು ಕೆಂಪು ರಕ್ತಕಣದೊಳಗೆ. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಕ್ಷಣಾರ್ಧದಲ್ಲಿ ಅದನ್ನು ಆಮ್ಲವಾಗಿಸುತ್ತೆ, ಆಮ್ಲ ಒಡೆದು ಬೈಕಾರ್ಬನೇಟ್ ಮತ್ತು ಹೈಡ್ರೋಜನ್ ಅಯಾನ್ ಆಗುತ್ತೆ. ಬೈಕಾರ್ಬನೇಟ್ ಹೊರಗೆ ಹೋಗಿ, ಅದರ ಬದಲಿಗೆ ಕ್ಲೋರೈಡ್ ಒಳಗೆ ಬರುತ್ತೆ. ಹೈಡ್ರೋಜನ್ ಅಯಾನನ್ನು ಹಿಮೋಗ್ಲೋಬಿನ್ ಹಿಡಿದಿಟ್ಟುಕೊಳ್ಳುತ್ತೆ. ಶ್ವಾಸಕೋಶ ತಲುಪಿದ ಮೇಲೆ ಇದೆಲ್ಲ ಉಲ್ಟಾ ನಡೆದು, ಅನಿಲ ಉಸಿರಿನಲ್ಲಿ ಹೊರಗೆ.

ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. 7.4 ಇದ್ದದ್ದು 7.1 ಆದರೆ "ಬರೀ 0.3 ತಾನೆ" ಅನ್ನಬೇಡಿ. ಹೈಡ್ರೋಜನ್ ಅಯಾನ್‌ಗಳು ಎರಡರಷ್ಟಾದವು ಅಂತ ಅರ್ಥ. ಹಾಗಾಗದಂತೆ ಮಿದುಳು ಕಾಯುತ್ತಿರುತ್ತೆ: ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೂ ಉಸಿರಾಟದ ವೇಗ ಹೆಚ್ಚಿಸುತ್ತೆ. ಶ್ವಾಸಕೋಶ ನಿಮಿಷಗಳಲ್ಲಿ ಸರಿಪಡಿಸಿದರೆ, ಮೂತ್ರಪಿಂಡಕ್ಕೆ ದಿನಗಳು ಬೇಕು.

ಶಿಡ್ಲಘಟ್ಟದ ಹೊಗೆ, ಮನೆಯ ಒಲೆ

ಸೈಕಲ್ ಇಳಿದ ಮೇಲೆ ನಮ್ಮ ಏದುಸಿರು ನಿಲ್ಲುತ್ತೆ. ಕೆಲವರದು ನಿಲ್ಲಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಗೂಡು ಬೇಯಿಸುವ ಆವಿ, ಒಲೆಯ ಹೊಗೆ ನಡುವೆ ವರ್ಷಗಟ್ಟಲೆ ದುಡಿದವರಿದ್ದಾರೆ. ಗೌರಿಬಿದನೂರು, ಚಿಂತಾಮಣಿಯ ಹಳ್ಳಿಗಳಲ್ಲಿ ಸೌದೆ ಒಲೆ ಊದುತ್ತಲೇ ವಯಸ್ಸಾದ ಅಜ್ಜಿಯರಿದ್ದಾರೆ. ಬೀಡಿ ಸೇದಿದ ತಾತಂದಿರಂತೂ ಊರೂರಲ್ಲಿ. ಇಂಥ ಹೊಗೆ ಸಿಒಪಿಡಿಗೆ ದಾರಿ. ಹಳ್ಳಿಯಲ್ಲಿ ಅದನ್ನೂ "ದಮ್ಮು" ಅಂದುಬಿಡ್ತಾರೆ.

ಈ ಕಾಯಿಲೆ ಬಲಿತ ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ಉಳಿಯುತ್ತೆ. ನಿಧಾನವಾಗಿ ಏರುವಾಗ ಮೂತ್ರಪಿಂಡ ಬೈಕಾರ್ಬನೇಟ್ ಉಳಿಸಿಕೊಂಡು ಪಿಎಚ್ ಸರಿದೂಗಿಸುತ್ತೆ. ಹಾಗಾಗಿ ಹೊರಗೆ ಗೊತ್ತೇ ಆಗಲ್ಲ. ಒಂದು ಎದೆ ಸೋಂಕು ಬಂದರೆ ಸಾಕು, ಲೆಕ್ಕ ತಪ್ಪುತ್ತೆ.

ಇಲ್ಲೇ ಇರೋದು ಅಪಾಯ. ಕೋವಿಡ್ ನಂತರ ಎಷ್ಟೋ ಮನೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಇದೆ. ಅದು ತೋರಿಸೋದು ಆಮ್ಲಜನಕ ಮಾತ್ರ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಡ್ಯಾಶ್‌ಬೋರ್ಡ್‌ನಲ್ಲಿ ಒಂದೇ ಮೆಟ್ರಿಕ್. 90 ಕಂಡ ಕೂಡಲೇ "98 ಆಗಲಿ" ಅಂತ ಮೊಮ್ಮಗ ಕಾನ್ಸಂಟ್ರೇಟರ್ ತಿರುಗಿಸಿ ಹೆಚ್ಚು ಮಾಡಿದರೆ ಏನಾಗುತ್ತೆ? ಆಮ್ಲಜನಕ ಹೆಚ್ಚಾದಾಗ ಹಿಮೋಗ್ಲೋಬಿನ್ ತಾನು ಹಿಡಿದಿದ್ದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತೆ. ಸರಿಯಾಗಿ ಗಾಳಿಯಾಡದ ಶ್ವಾಸಕೋಶದ ಭಾಗಗಳಿಗೂ ರಕ್ತ ಹೆಚ್ಚು ಹರಿಯುತ್ತೆ. ಪರದೆ ಮೇಲೆ 98, ಒಳಗೆ ರಕ್ತ ಹುಳಿಯಾಗ್ತಾ ಇರುತ್ತೆ. ಅದಕ್ಕೇ ಇಂಥ ರೋಗಿಗಳಿಗೆ ವೈದ್ಯರು ಸಾಮಾನ್ಯವಾಗಿ 88ರಿಂದ 92ರ ಗುರಿ ಇಟ್ಟುಕೊಳ್ತಾರೆ.

ಹಾಗಂತ ಆಕ್ಸಿಜನ್ ನಿಲ್ಲಿಸೋದೂ ತಪ್ಪು, ಅದು ಇನ್ನೂ ಅಪಾಯ. ಮಾಡಬೇಕಾದ್ದು ಇಷ್ಟು:

- ನಿಮ್ಮ ಮನೆಯವರಿಗೆ ಎಷ್ಟು ಇರಬೇಕು, ನಿಮಿಷಕ್ಕೆ ಎಷ್ಟು ಲೀಟರ್ ಕೊಡಬೇಕು ಅಂತ ಡಾಕ್ಟರನ್ನು ಕೇಳಿ, ಬರೆದು ಯಂತ್ರದ ಮೇಲೇ ಅಂಟಿಸಿ.
- ಬೆಳಗ್ಗೆ ಎದ್ದಾಗ ತಲೆನೋವು, ಹಗಲಲ್ಲೂ ತೂಕಡಿಕೆ, ತಡವರಿಸುವ ಮಾತು, ಚಾಚಿದ ಕೈ ಪಟಪಟ ಅದುರುವುದು ಕಂಡರೆ ಆಕ್ಸಿಮೀಟರ್ ಚೆನ್ನಾಗಿ ತೋರಿಸಿದರೂ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿ.
- ಅಲ್ಲಿ ಎಬಿಜಿ ಪರೀಕ್ಷೆ ಬೇಕಾ ಅಂತ ಕೇಳಿ. ಅಪಧಮನಿಯ ರಕ್ತದಿಂದ ಪಿಎಚ್, ಇಂಗಾಲದ ಡೈಆಕ್ಸೈಡ್ ಎರಡೂ ಗೊತ್ತಾಗುತ್ತೆ. ಅನಿಲದ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಇರಬೇಕು.

ಊರಲ್ಲಿರುವ ತಾತನಿಗೆ ವಿಡಿಯೋ ಕಾಲ್ ಮಾಡಿದಾಗ "ಎಷ್ಟು ತೋರಿಸ್ತಿದೆ?" ಅಂತ ಕೇಳೋದು ನಮಗೆಲ್ಲ ರೂಢಿಯಾಗಿದೆ. ಅದರ ಜತೆಗೆ "ಬೆಳಗ್ಗೆ ತಲೆನೋವು ಇತ್ತಾ? ಹಗಲೆಲ್ಲ ನಿದ್ದೆ ಎಳೀತಿದೆಯಾ?" ಅಂತಲೂ ಕೇಳಿ.