ಕೀಲಿಮಣೆಯ ಕೆಳಗಿನ ದೀಪ

ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಾತ್ರಿ ನಾಲ್ಕಾರು ಮಂದಿ ಮಲಗಿರುವ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಓದುವ, ಬರೆಯುವ ತರುಣರು ನಮ್ಮವರಲ್ಲಿ ಅನೇಕರಿದ್ದಾರೆ. ಕೋಣೆಯ ದೀಪ ಹಾಕಿದರೆ ಜೊತೆಯವರ ನಿದ್ರೆಗೆ ಭಂಗ. ಹಾಕದಿದ್ದರೆ ಅಕ್ಷರ ಕಾಣದು. ಅಂಥವರಿಗೆ ಕೀಲಿಗಳ ಅಡಿಯಿಂದ ಹೊಮ್ಮುವ ಮಂದಪ್ರಕಾಶವು ವಿಲಾಸದ ವಸ್ತುವಲ್ಲ. ಅದು ಉರಿಯದೆ ಹೋದರೆ, ಅಥವಾ ಹತ್ತಿದ ಕೆಲವೇ ಕ್ಷಣಗಳಲ್ಲಿ ಆರಿದರೆ, ಯಂತ್ರವೇ ಕೆಟ್ಟಿತೆಂದು ರಿಪೇರಿಯ ಅಂಗಡಿಗೆ ಓಡುವವರುಂಟು. ಬೆವರು ಸುರಿಸಿ ಗಳಿಸಿದ ಹಣವನ್ನು ತೆರುವ ಮುನ್ನ, ಈ ದೀಪವನ್ನು ಆಳುವವರು ಯಾರೆಂಬುದನ್ನು ಅರಿಯುವುದು ಲೇಸು.

ಕಂಪ್ಯೂಟರಿನ ಸಮಸ್ತ ವ್ಯವಹಾರವನ್ನೂ ನಡೆಸುವುದು ಆಪರೇಟಿಂಗ್ ಸಿಸ್ಟಮ್. ಆದರೆ ಒಂದೊಂದು ಕಂಪನಿಯೂ ದೀಪದ ತಂತಿಯನ್ನು ತನಗೆ ತೋರಿದಂತೆ ಜೋಡಿಸಿರುತ್ತದೆ. ಆದ್ದರಿಂದ ನಡುವೆ 'ಡ್ರೈವರ್' ಎಂಬ ಪುಟ್ಟ ಕಾರ್ಯಕ್ರಮವೊಂದು ಅವಶ್ಯವಾಯಿತು. ನಮ್ಮ ಹೋಟೆಲುಗಳಲ್ಲಿ ಗಿರಾಕಿಯು 'ಒಂದು ಕಾಫಿ' ಎನ್ನುವನೇ ಹೊರತು ಒಲೆಯ ಬಳಿಗೆ ಹೋಗುವುದಿಲ್ಲ. ಅವನ ಮಾತನ್ನು ಒಳಗೆ ಮುಟ್ಟಿಸುವವನು ಮಾಣಿ. ಡ್ರೈವರಿನ ಕಾರ್ಯವೂ ಅಂಥದೇ. ಮಾಣಿ ಇಲ್ಲದಿದ್ದರೆ, ಒಲೆ ಉರಿಯುತ್ತಿದ್ದರೂ ಕಾಫಿ ಮೇಜಿಗೆ ಬಾರದು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್‌ನಲ್ಲಿ ಈ ಏರ್ಪಾಡನ್ನು ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಯಂತ್ರದ ಒಂದೊಂದು ಪುಟ್ಟ ದೀಪಕ್ಕೂ ಹೆಸರಿದೆ, ಕಡತಗಳಿವೆ. 'ಬ್ರೈಟ್‌ನೆಸ್' ಎಂಬ ಕಡತದಲ್ಲಿ 0 ಎಂದು ಬರೆದರೆ ದೀಪ ಆರುವುದು. ದೊಡ್ಡ ಅಂಕೆ ಬರೆದರೆ ಬೆಳಕು ಹೆಚ್ಚುವುದು. ಎಷ್ಟರವರೆಗೆ ಹೆಚ್ಚಿಸಬಹುದೆಂಬುದನ್ನು ಮತ್ತೊಂದು ಕಡತ ತಿಳಿಸುತ್ತದೆ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ 0, 1, 2 ಎಂಬ ಮೂರೇ ಮೆಟ್ಟಿಲುಗಳು. ಬೇರೆ ಕೆಲವು ಯಂತ್ರಗಳಲ್ಲಿ 255ರವರೆಗೂ ಉಂಟು. ಸಾಮಾನ್ಯವಾಗಿ ಈ ಕಡತದಲ್ಲಿ ಬರೆಯುವ ಅಧಿಕಾರವು ಯಂತ್ರದ ಆಡಳಿತಗಾರನಿಗೆ ಮಾತ್ರ. ಡೆಲ್ ಕಂಪನಿಯ ಹಲವು ಲ್ಯಾಪ್‌ಟಾಪುಗಳಲ್ಲಿ, ಬೆರಳಾಡದೆ ಎಷ್ಟು ಹೊತ್ತು ಕಳೆದ ಮೇಲೆ ದೀಪ ಆರಬೇಕೆಂಬ ಅವಧಿಯನ್ನೂ ಹೀಗೆಯೇ ಗೊತ್ತುಮಾಡಬಹುದು. ಬ್ಯಾಟರಿಯ ಉಳಿತಾಯಕ್ಕಾಗಿ ಮಾಡಿದ ಈ ಏರ್ಪಾಡನ್ನೇ ಎಷ್ಟೋ ಮಂದಿ ರೋಗವೆಂದು ತಿಳಿಯುತ್ತಾರೆ.

ಮೊಬೈಲು ಫೋನುಗಳಲ್ಲಿಯೂ ಇದೇ ಕ್ರಮವಿತ್ತು. 2010ರಲ್ಲಿ ಬಂದ ನೆಕ್ಸಸ್ ಒನ್ ಫೋನಿನ ಪರದೆಯ ಕೆಳಗೆ ನಾಲ್ಕು ಸ್ಪರ್ಶಕೀಲಿಗಳಿದ್ದುವು. ಪರದೆಯ ದೀಪ ಬೇರೆ, ಕೀಲಿಗಳ ದೀಪ ಬೇರೆ ಎಂದು ಆಂಡ್ರಾಯ್ಡ್ ವ್ಯವಸ್ಥೆಯು ವಿಂಗಡಿಸಿ, ಒಂದೊಂದಕ್ಕೂ ಪ್ರತ್ಯೇಕ ಆಜ್ಞೆ ನೀಡುತ್ತಿತ್ತು. 2011ರ ಗ್ಯಾಲಕ್ಸಿ ನೆಕ್ಸಸ್‌ನಲ್ಲಿ ಕೀಲಿಗಳು ಪರದೆಯೊಳಗಿನ ಚಿತ್ರಗಳೇ ಆದುವು. ಅವಕ್ಕೆ ಬೇರೆ ದೀಪವೇ ಬೇಡವಾಯಿತು.

ಹಾಗಾದರೆ ದೀಪ ಉರಿಯದಾಗ ಮಾಡಬೇಕಾದುದೇನು? ಮೊದಲು, ಯಾವುದಾದರೊಂದು ಕೀಲಿಯ ಮೇಲೆ ದೀಪದ ಗುರುತಿದೆಯೇ ಎಂದು ನೋಡಬೇಕು. ಅನೇಕ ಥಿಂಕ್‌ಪ್ಯಾಡುಗಳಲ್ಲಿ ಅದು ಅಕ್ಷರಗಳ ಕೆಳಗಿನ ಉದ್ದನೆಯ ಸ್ಪೇಸ್ ಕೀಲಿಯ ಮೇಲಿರುತ್ತದೆ. ಎಫ್‌ಎನ್ ಕೀಲಿಯೊಡನೆ ಅದನ್ನು ಒತ್ತಬೇಕು. ದೀಪವೇ ಇಲ್ಲದ ಮಾದರಿಗಳೂ ಪೇಟೆಯಲ್ಲಿರುವುದರಿಂದ, ಹಳೆಯ ಯಂತ್ರವನ್ನು ಕೊಳ್ಳುವವರು ಹಣ ಕೊಡುವ ಮುನ್ನವೇ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಎರಡನೆಯದಾಗಿ, ಆರುವ ಅವಧಿಯನ್ನು ನೋಡಬೇಕು. ಮೂರನೆಯದಾಗಿ, ಆಪರೇಟಿಂಗ್ ಸಿಸ್ಟಮ್ ಬದಲಿಸಿದ ಮೇಲೆ ದೀಪ ಆರಿದ್ದಾದರೆ, ದೋಷವು ದೀಪದ್ದಾಗಿರದೆ ಡ್ರೈವರಿನದ್ದಾಗಿರುವ ಸಂಭವವೇ ಹೆಚ್ಚು. ತಕ್ಕ ಡ್ರೈವರನ್ನು ಹಾಕಿದರೆ ಸಾಕಾದೀತು. ಇಷ್ಟೆಲ್ಲ ನೋಡಿಯೂ ಉರಿಯದಿದ್ದರೆ ಆಗ ರಿಪೇರಿಯ ಮಾತು.

ನುರಿತ ಕೆಲಸಗಾರನಿಗೆ ಕೊಡಬೇಕಾದ ಕೂಲಿಯನ್ನು ಕೊಡಬೇಡಿರೆಂದು ನಾವು ಹೇಳುತ್ತಿಲ್ಲ. ಇಲ್ಲದ ರೋಗಕ್ಕೆ ಮದ್ದು ಕೊಳ್ಳುವುದು ಬೇಡವೆಂಬುದಷ್ಟೇ ನಮ್ಮ ವಿಜ್ಞಾಪನೆ. ಊರಿನಲ್ಲಿ ಮನಿಯಾರ್ಡರಿನ ಹಾದಿ ನೋಡಿದ್ದ ಮನೆಯವರು ಇಂದು ಬ್ಯಾಂಕಿನ ಖಾತೆಯನ್ನು ನೋಡುತ್ತಿರಬಹುದು, ಕಾಯುವಿಕೆಯಂತೂ ಅದೇ. ಉಳಿದ ಹಣ ಅಲ್ಲಿಗೆ ಸಲ್ಲಲಿ.